ಎರಡು ಇಡಿ, ಮೇಲೆ ಕಾಲು

ಸುಣ್ಣದ ಹರಳು ನೀರಿಗೆ ಬಿದ್ದಾಗ ಏಳುವ ಹಬೆಗೆ ಅದರದ್ದೇ ಒಂದು ವಾಸನೆಯಿದೆ. ಕಳೆದ ಮಳೆಗಾಲದಲ್ಲಿ ಮಡಿಕೇರಿಯ ನಮ್ಮ ಕಚೇರಿಯವರೆಲ್ಲ ಸೇರಿ ಪಾಲಿಬೆಟ್ಟದ ಹತ್ತಿರ ಒಂದು ಹೋಮ್‌ಸ್ಟೇಗೆ ಹೋಗಿದ್ದೆವು. ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಸಾಹುಕಾರರೇ ತೋಟ ತೋರಿಸಲು ಕರೆದುಕೊಂಡು ಹೊರಟರು. ಹೊಳೆಯ ಕಡೆಗೆ ಇಳಿಯುವ ತಿರುವಿನಲ್ಲಿ ಮೊದಲು ಆ ವಾಸನೆ ಬಂತು, ತೊಟ್ಟಿ ಆಮೇಲೆ ಕಂಡಿತು. ಅದೇ ತೋಟವೆಂದು ತಿಳಿಯದೆ ಹೋಗಿದ್ದೆ ಎಂದು ಬರೆದರೆ ಓದಲು ಚೆಂದ. ತಿಳಿದೇ ಹೋಗಿದ್ದೆ. ಬಸ್ಸಿನಲ್ಲಿ ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಸಿಮೆಂಟ್ ತೊಟ್ಟಿಯ ಬಳಿ ಅಸ್ಸಾಮಿನ ಹುಡುಗನೊಬ್ಬ ತಕ್ಕಡಿ ಹಿಡಿದು ನಿಂತಿದ್ದ. ಮೇಲಿನ ಇಳಿಜಾರಿನಿಂದ ಇನ್ನೊಬ್ಬ ಕೂಗಿದ:

"ದೋ ಇಡಿ, ಮೇಲೆ ಕಾಲು!"

ಇವನೂ ಅದನ್ನೇ ತಿರುಗಿ ಕೂಗಿ ತೂಗತೊಡಗಿದ. ನಮ್ಮವರು ನಕ್ಕರು. ಇದೇನು ಮಂತ್ರ ಎಂದು ಯಾರೋ ಕೇಳಿದರು. ಸಾಹುಕಾರ ಸೋಮಯ್ಯನವರು ನಿಂತರು. ದಿನವೂ ಇದೇ ಜಾಗದಲ್ಲಿ ನಿಲ್ಲುತ್ತಾರೆಂದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಅದು ನಮ್ಮ ಅಜ್ಜನ ಸಿಸ್ಟಮ್. ಈ ತೋಟದಲ್ಲಿ ಎರಡೂಕಾಲು ಅಂತ ಯಾರೂ ಹೇಳುವ ಹಾಗಿಲ್ಲ. ಮೊದಲು ಇಡಿ, ಆಮೇಲೆ ಮೇಲಿನ ಚೂರು. ಅಜ್ಜನ ಕಾಲದಿಂದ ಹಾಗೇ ನಡ್ಕೊಂಡು ಬಂದುಂಟು."

ಎಲ್ಲರೂ ಮೊಬೈಲು ತೆಗೆದು ವಿಡಿಯೋ ಮಾಡಿಕೊಂಡರು. ನಾನು ಮಾತ್ರ ಮೊಬೈಲು ತೆಗೆಯಲಿಲ್ಲ.

ಹತ್ತೊಂಬತ್ತು ವರ್ಷದವಳಾಗಿದ್ದಾಗ ಒಂದು ಮಳೆಗಾಲವನ್ನು ನಾನು ಆ ತೋಟದಲ್ಲಿ ಕಳೆದಿದ್ದೇನೆ. ಊರು ಶಿರಂಗಾಲ. ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆತನ ನಮ್ಮದು. ಪಿಯುಸಿ ಮುಗಿಸಿ ಮನೆಯಲ್ಲಿದ್ದವಳನ್ನು ಚಿಕ್ಕಮ್ಮ, "ಸುಮ್ನೆ ಕೂತು ಏನ್ ಮಾಡ್ತೀಯ, ಬಾ" ಎಂದು ಕರೆಸಿಕೊಂಡಳು. ಅವಳು ಆ ತೋಟದ ಲೈನಿನಲ್ಲಿ, ಎಂದರೆ ಕೆಲಸದವರ ಸಾಲುಮನೆಗಳಲ್ಲೊಂದರಲ್ಲಿ, ಇದ್ದಳು. ಕಳೆ ತೆಗೆಯುವ ಕೆಲಸಕ್ಕೆಂದು ಹೋದವಳು ನಾನು. ಎರಡನೇ ವಾರಕ್ಕೆ ರೈಟರ್ ಕುಶಾಲಪ್ಪನವರ ಕಣ್ಣಾದೆ.

ತೋಟದಲ್ಲಿ ರೈಟರ್ ಎಂದರೆ ಕತೆ ಬರೆಯುವವನಲ್ಲ. ಯಾರು ಕೆಲಸಕ್ಕೆ ಬಂದರು, ಯಾವ ಬ್ಲಾಕಿಗೆ ಎಷ್ಟು ಗೊಬ್ಬರ, ಎಷ್ಟು ಔಷಧಿ ಎಂದು ಪುಸ್ತಕದಲ್ಲಿ ಬರೆಯುವವನು. ಕುಶಾಲಪ್ಪನವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪುಸ್ತಕವನ್ನು ಮೂಗಿಗೆ ಹಿಡಿದು ಓದುತ್ತಿದ್ದರು. ನಾನು ಓದಿ ಹೇಳುವುದು, ಅವರು ಹೇಳಿದ್ದನ್ನು ಬರೆಯುವುದು ಎಂದಾಯಿತು. ಸಾಹುಕಾರರು, ಈಗಿನ ಸೋಮಯ್ಯನವರ ತಂದೆ, ಅದನ್ನು ನೋಡಿ ಒಂದು ಮಾತು ಹೇಳಿದ್ದರು: "ಮೆಣಸಿನ ಬಳ್ಳಿಗೆ ಔಷಧಿ ಹೊಡೆಯುವ ಲೆಕ್ಕ ಈ ಸರ್ತಿ ಇವಳೇ ಮಾಡಲಿ. ತಪ್ಪಿಲ್ಲದೆ ಮುಗಿಸಿದ್ರೆ ರೈಟರ್ ಪುಸ್ತಕ ಇವಳಿಗೆ. ಇಲ್ಲದಿದ್ರೆ ಗೋಣಿಕೊಪ್ಪದಿಂದ ಒಬ್ಬ ಬರ್ತೇನೆ ಅಂತ ಕಾಯ್ತಾ ಇದ್ದಾನೆ."

ಆ ಪುಸ್ತಕ ನನಗೆ ಎಷ್ಟು ಬೇಕಾಗಿತ್ತೆಂದು ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಆ ಸುತ್ತಿನಲ್ಲಿ ಹೆಣ್ಣು ರೈಟರನ್ನು ಯಾರೂ ನೋಡಿರಲಿಲ್ಲ. ಪುಸ್ತಕ ಸಿಕ್ಕರೆ ನಾನು ಊರಿಗೆ ಹಿಂದಿರುಗುವುದಿಲ್ಲ. ಹಿಂದಿರುಗಿದರೆ ಅಪ್ಪ ನೋಡಿಟ್ಟಿದ್ದ ಗಂಡು ಕಾಯುತ್ತಿದ್ದ. ಎಸ್‌ಎಸ್‌ಎಲ್‌ಸಿಯ ಲೆಕ್ಕದಲ್ಲಿ ನನಗೆ ಬಂದದ್ದು ಸರಿಯಾಗಿ ಮೂವತ್ತೈದು. ಭಿನ್ನರಾಶಿ ಬಂದಲ್ಲೆಲ್ಲ ಜಾಗ ಬಿಟ್ಟು ಮುಂದಕ್ಕೆ ಹೋದವಳು ನಾನು. ಮಿಶ್ರ ಭಿನ್ನರಾಶಿಯನ್ನು ವಿಷಮ ಭಿನ್ನರಾಶಿಯಾಗಿ ಪರಿವರ್ತಿಸಿ ಎಂದು ಪುಸ್ತಕದಲ್ಲಿತ್ತು. ನಮ್ಮ ಮನೆಯಲ್ಲಿ ವಿಷಮ ಎಂಬ ಮಾತು ಕೇಳಿದ್ದು ಅಜ್ಜಿಗೆ ವಿಷಮಶೀತ ಜ್ವರ ಬಂದಾಗ ಮಾತ್ರ. ಹಾಗಾಗಿ ಆ ಪಾಠದ ತಂಟೆಗೇ ಹೋಗಿರಲಿಲ್ಲ.

ಕುಶಾಲಪ್ಪನವರು ಆ ಜ್ವರ ಬಿಡಿಸಿದರು. ಅವರ ಮನೆಮಾತು ಅರೆಭಾಷೆ. "ನಮ್ಮ ಭಾಷೆನೇ ಅರೆ. ಅರೆ, ಕಾಲು ಕಂಡ್ರೆ ನಂಗೆ ಹೆದ್ರಿಕೆ ಇಲ್ಲೆ" ಎನ್ನುತ್ತಿದ್ದರು. ಉಗ್ರಾಣದ ಬಾಗಿಲೇ ಕಪ್ಪು ಹಲಗೆ, ಸುಣ್ಣದ ಹರಳೇ ಸೀಮೆಸುಣ್ಣ.

"ಒಂದೂವರೆ ಎಕರೆದು ಒಂದು ಬ್ಲಾಕ್. ಎರಡೂಮುಕ್ಕಾಲುದು ಇನ್ನೊಂದು. ಒಟ್ಟು ಎಷ್ಟು?"

ನಾನು ಬೆರಳು ಮಡಚಿ ಎಣಿಸತೊಡಗಿದೆ. ಅವರು ತಡೆದರು.

"ಇಡೀನ ಒಡೆ. ಚೂರ್ ಮಾಡ್. ಎಲ್ಲಾ ಒಂದೇ ಜಾತಿ ಚೂರ್ ಆಕು. ಕೂಡ್ಸು. ಮತ್ತೆ ಇಡಿ ಕಟ್ಟ್."

ಒಂದೂವರೆಯನ್ನು ಒಡೆದರೆ ಮೂರು ಅರ್ಧ. ಅರ್ಧಕ್ಕೆ ಕಾಲನ್ನು ಕೂಡಿಸಲಾಗದು, ಜಾತಿ ಬೇರೆ. ಅರ್ಧಗಳನ್ನು ಮತ್ತೆ ಒಡೆದರೆ ಆರು ಕಾಲು. ಎರಡೂಮುಕ್ಕಾಲನ್ನು ಒಡೆದರೆ ಹನ್ನೊಂದು ಕಾಲು. ಆರೂ ಹನ್ನೊಂದೂ ಹದಿನೇಳು ಕಾಲು. ಇನ್ನು ಕಟ್ಟಬೇಕು: ನಾಲ್ಕು ಕಾಲಿಗೆ ಒಂದು ಇಡಿ. ಹದಿನೇಳರಲ್ಲಿ ನಾಲ್ಕು ಕಟ್ಟು, ಉಳಿದದ್ದು ಒಂದು.

"ನಾಲ್ಕು ದನ, ಮೇಲೆ ಒಂದು ಕಾಲು" ಎಂದೆ ನಾನು. "ಐದನೇ ದನ ಎಲ್ಲೋಯ್ತು ರೈಟ್ರೇ, ಒಂದೇ ಕಾಲು ಬಿಟ್ಟು?"

"ಅದ್ ಹುಲಿಗೆ ಹೋತ್" ಎಂದರು ನಗದೆ.

ಹೀಗೆ ಬರೆದಾಗ ಒಂದೇ ದಿನದಲ್ಲಿ ಕಲಿತೆನೆಂಬಂತೆ ಕಾಣುತ್ತದೆ. ಇಲ್ಲ. ಮೂರು ವಾರ ಹಿಡಿಯಿತು. ಬಾಗಿಲು ತುಂಬ ತಪ್ಪುಗಳಿದ್ದವು. ಅವರು ಒಮ್ಮೆ ಸಿಟ್ಟಿನಿಂದ ಹರಳನ್ನು ಎಸೆದದ್ದೂ ನೆನಪಿದೆ. ಎಸೆದದ್ದು ನಾನೋ ಏನೋ.

ಅವರ ಒಂದು ಕಟ್ಟಪ್ಪಣೆ ಮಾತ್ರ ಖಚಿತವಾಗಿ ನೆನಪಿದೆ: ಕಾಲು, ಅರೆ, ಮುಕ್ಕಾಲುಗಳನ್ನು ಕೆಲಸದವರಿಗೆ ಬಾಯಿಮಾತಿನಲ್ಲಿ ಹೇಳಬಾರದು, ಚೀಟಿ ಬರೆದು ಕೊಡಬೇಕು. ಯಾಕೆಂದು ಕೇಳಿದ್ದಕ್ಕೆ "ಬಾಯಿ ಜಾರ್ತದೆ" ಎಂದಷ್ಟೇ ಹೇಳಿದ್ದರು.

ಆಟಿ ತಿಂಗಳಲ್ಲಿ, ಎಂದರೆ ಆಷಾಢದ ಹೊತ್ತಿಗೆ, ಮಳೆ ಹನಿಯುವಷ್ಟಕ್ಕೆ ಇಳಿದು ಎರಡು ದಿನ ಹೊಳವಾಯಿತು. ಪಕ್ಕದ ತೋಟದಲ್ಲಿ ಮೆಣಸಿನ ಬಳ್ಳಿಗಳಿಗೆ ಸೊರಗು ರೋಗ ಬಿದ್ದ ಸುದ್ದಿ ಆಗಲೇ ಬಂದಿತ್ತು. ಈ ರೋಗ ಬಂದರೆ ಸೋಮವಾರ ಹಸಿರಾಗಿದ್ದ ಬಳ್ಳಿ ಮುಂದಿನ ಸೋಮವಾರಕ್ಕೆ ಎಲೆ ಉದುರಿಸಿ ಹಗ್ಗವಾಗುತ್ತದೆ. ಅದಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ನಮ್ಮ ತೊಟ್ಟಿಯಲ್ಲಿ ಗೆರೆಯವರೆಗೆ ನೀರು ತುಂಬಿದರೆ ಇನ್ನೂರಿಪ್ಪತ್ತೈದು ಲೀಟರ್. ಆದ್ದರಿಂದ ತುತ್ತ ಎರಡೂಕಾಲು ಕಿಲೋ, ಸುಣ್ಣವೂ ಎರಡೂಕಾಲು. ಸುಣ್ಣ ಕಡಿಮೆಯಾದರೆ ಎಲೆ ಸುಡುತ್ತದೆ. ಅದನ್ನು ತಿಳಿಯಲು ಕತ್ತಿಯ ಅಲಗನ್ನು ಅದ್ದಿ ನೋಡುತ್ತಿದ್ದೆವು. ಅಲಗಿಗೆ ತಾಮ್ರದ ಕೆಂಪು ಹತ್ತದಿದ್ದರೆ ಬೆರಕೆ ಸರಿ.

ಆ ದಿನ ಐದು ತೊಟ್ಟಿ ಆಗಬೇಕಿತ್ತು. ಮೊದಲ ಮೂರನ್ನು ನಾನೇ ನಿಂತು ಚಿಕ್ಕಮ್ಮನ ಕೈಲಿ ತೂಗಿಸಿ ಬೆರೆಸಿದೆ. ಮಧ್ಯಾಹ್ನ ಅವಳಿಗೆ ಚಳಿಜ್ವರ ಬಂದು ಲೈನಿಗೆ ಹೋದಳು. ಅಲ್ಲಿಯವರೆಗೆ ಮೇಲೆ ಪಂಪು ಹಿಡಿದಿದ್ದ ಮುರುಗಣ್ಣನನ್ನು ತೊಟ್ಟಿಗೆ ಕರೆದೆ. ಮುರುಗಣ್ಣ ಇಪ್ಪತ್ತು ವರ್ಷದಿಂದ ಆ ತೋಟದಲ್ಲಿದ್ದ ತಮಿಳಿನವನು. ಬಳ್ಳಿಗೆ ಹೊಡೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೆರೆಸುವ ಕೆಲಸಕ್ಕೆ ಬಂದದ್ದು ಅದೇ ಮೊದಲು. ನಾನು ಮರದ ಸಂಕದ ಮೇಲೆ ಹೊಳೆ ದಾಟಿ ಆಚೆಯ ಬಳ್ಳಿಗಳನ್ನು ನೋಡಲು ಹೋದೆ. ಅವನಿಗೆ ಕೊಡಬೇಕಾಗಿದ್ದ ಚೀಟಿ ನನ್ನ ಸೊಂಟದಲ್ಲೇ ಉಳಿದಿತ್ತು. ತೆಗೆದು ನೋಡಿದರೆ ಮಳೆಗೆ ನೆಂದು ಹಿಟ್ಟಾಗಿದೆ. ತೊಟ್ಟಿಯ ಕಡೆಯ ದಡದಿಂದ ಅವನು ಕೂಗಿದ:

"ತುತ್ತ ಎಷ್ಟಮ್ಮಾ? ಸುಣ್ಣ ಎಷ್ಟು?"

ಹೊಳೆ ತುಂಬಿ ಅಬ್ಬರಿಸುತ್ತಿತ್ತು. ನಾನು ಕೈಗಳನ್ನು ಬಾಯಿಗಿಟ್ಟು ಕೂಗಿದೆ:

"ಎರಡೂಕಾಲೂ!"

ಸಂಜೆ ಉಗ್ರಾಣದಲ್ಲಿ ಕುಶಾಲಪ್ಪನವರು ಉಳಿದ ತುತ್ತವನ್ನು ತೂಗಿಸಿದರು. ಬೆಳಿಗ್ಗೆ ಚೀಲದಲ್ಲಿದ್ದದ್ದು ಇಪ್ಪತ್ತೈದು ಕಿಲೋ. ಐದು ತೊಟ್ಟಿಗೆ ಎರಡೂಕಾಲರಂತೆ ಹನ್ನೊಂದೂಕಾಲು ಹೋಗಬೇಕು, ಹದಿಮೂರೂಮುಕ್ಕಾಲು ಉಳಿಯಬೇಕು. ತಕ್ಕಡಿ ಹದಿನೇಳೂಮುಕ್ಕಾಲು ತೋರಿಸಿತು.

ಅವರು ಸುಣ್ಣದ ಹರಳನ್ನು ನನ್ನ ಕೈಗಿಟ್ಟರು. ನಾನು ಬಾಗಿಲ ಮೇಲೆ ಬರೆದೆ. ಹೆಚ್ಚಿಗೆ ಉಳಿದದ್ದು ನಾಲ್ಕು ಕಿಲೋ. ನಾಲ್ಕು ಎಲ್ಲಿಂದ ಬಂತು? ಮುರುಗಣ್ಣನನ್ನು ಕರೆಸಿದೆವು. ಮಳೆಗೆಂದು ಗೊಬ್ಬರದ ಚೀಲದ ಕೊಪ್ಪೆಯನ್ನು ತಲೆಗೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಎಷ್ಟು ಹಾಕಿದ್ರಿ ಮುರುಗಣ್ಣ?"

"ನೀ ಹೇಳ್ದ ಹಾಗೇ ಅಮ್ಮ. ಎರಡೂ ಕಾಲು."

"ಹಂಗಂದ್ರೆ?"

"ತುತ್ತ ಕಾಲು ಕಿಲೋ, ಸುಣ್ಣ ಕಾಲು ಕಿಲೋ. ಎರಡೂ ಕಾಲು."

ನಾನು ಅದನ್ನೂ ಬಾಗಿಲ ಮೇಲೆ ಬರೆದೆ.

"ಅಷ್ಟು ಕಮ್ಮಿ ಯಾಕೆ ಅಂತ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಹೊಳೆ ಪಕ್ಕ ಅಲ್ವಾ, ಮೀನು ಸಾಯ್ತದೆ ಅಂತ ಕಮ್ಮಿ ಹೇಳಿದ್ದಿ ಅಂದ್ಕೊಂಡೆ. ಬುದ್ಧಿ ಇರೋ ಹುಡ್ಗಿ ಅಂತ ಕೂಡ ಅಂದ್ಕೊಂಡೆ."

ಕತ್ತಿ ಅದ್ದಿ ನೋಡಿದ್ದನಂತೆ; ಕೆಂಪು ಹತ್ತಿರಲಿಲ್ಲ. ಹೇಗೆ ಹತ್ತೀತು? ಎರಡೂ ಸಮಸಮ ಕಡಿಮೆಯಾಗಿದ್ದವು. ನೀಲಿ ಮಾತ್ರ ಸ್ವಲ್ಪ ಬಿಳಿಚಿಕೊಂಡಿತ್ತು. ಮೋಡದ ಬೆಳಕಿನಲ್ಲಿ ಅದನ್ನು ಯಾರು ನೋಡುತ್ತಾರೆ? ಎರಡೂಕಾಲರಲ್ಲಿ ಕಾಲನ್ನು ಕಳೆದರೆ ಎರಡು. ಒಂದು ತೊಟ್ಟಿಗೆ ಎರಡು ಕಿಲೋ ಕಡಿಮೆಯಾದರೆ ನಾಲ್ಕು ಕಿಲೋಗೆ ಎರಡು ತೊಟ್ಟಿ. ಕೊನೆಯ ಎರಡು.

ಮುರುಗಣ್ಣ ಹೋದ ಮೇಲೆ ಕುಶಾಲಪ್ಪನವರು ಬಾಗಿಲು ಎಳೆದುಕೊಂಡರು.

"ಪುಸ್ತಕದಲ್ಲಿ ಹದಿಮೂರೂಮುಕ್ಕಾಲು ಅಂತ ಬರಿ. ಈ ನಾಲ್ಕ್ ಕಿಲೋ ಮುಂದಿನ ಸರ್ತಿಗೆ ಸೇರ್ಸುವ."

"ಬಳ್ಳಿ?"

"ಸತ್ರೆ ಮಳೆ ಮೇಲೆ ಹಾಕುವ. ಮಳೆ ಬಂದ್ ಜಗಳ ಮಾಡ್ತದ?"

ನನಗೆ ಪುಸ್ತಕ ಸಿಗಲೆಂದೇ ಅವರು ಹಾಗೆ ಹೇಳಿದ್ದು. ಅದಕ್ಕಾಗಿ ಇವತ್ತಿಗೂ ಅವರ ಮೇಲೆ ಪ್ರೀತಿಯಿದೆ. ಆದರೆ ಮೂರು ವಾರ ಆ ಬಾಗಿಲ ಮೇಲೆ ಒಂದು ಹಂತವನ್ನೂ ಹಾರಿಸಲು ಬಿಡದಿದ್ದವರು ಈಗ ಉತ್ತರವನ್ನೇ ಮೊದಲು ಬರೆದುಬಿಡು ಎನ್ನುತ್ತಿದ್ದರು. ನಾನು ಪುಸ್ತಕದಲ್ಲಿ ಹದಿನೇಳೂಮುಕ್ಕಾಲು ಎಂದೇ ಬರೆದೆ.

ಮಾರನೆಯ ಬೆಳಿಗ್ಗೆ ಪುಸ್ತಕ ಹಿಡಿದು ಸಾಹುಕಾರರ ಜಗಲಿಗೆ ಹೋದೆ. ಮೈಸೂರಿನಲ್ಲಿ ಓದು ಮುಗಿಸಿ ಬಂದಿದ್ದ ಮಗ ಸೋಮಯ್ಯನೂ ಅಲ್ಲೇ ಇದ್ದ. ನಡೆದದ್ದನ್ನು ಹೇಳಿದೆ. ಸಾಹುಕಾರರು ಕಾಫಿಯ ಲೋಟವನ್ನು ಕೆಳಗಿಟ್ಟರು.

"ಇಪ್ಪತ್ತು ವರ್ಷ ಆಯ್ತು, ಆ ಮುರುಗನಿಗೆ ಇನ್ನೂ ಕನ್ನಡ ಬರಲಿಲ್ಲ. ಅವನನ್ನು ಔಷಧಿ ಕೆಲಸದಿಂದ ತೆಗೆದು ಹಾಕುವ. ನೀನು ಹೋಗಿ ಕೆಲಸ ನೋಡು."

ಅಷ್ಟೇ ಆಗಿತ್ತು. "ಆಯ್ತು ಸಾರ್" ಎಂದು ಹೊರಟಿದ್ದರೆ ಪುಸ್ತಕ ನನ್ನದು. ಆ ಎರಡು ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

"ಅವ್ರಿಗೆ ಕೇಳಿಸಿದ್ದೂ ಸರಿಯಾದ ಕನ್ನಡವೇ ಸಾರ್."

"ಎಂತ?"

"ನಾನು ಹೇಳಿದ್ದೂ ಸರಿ, ಅವ್ರು ಕೇಳಿಸ್ಕೊಂಡಿದ್ದೂ ಸರಿ. ಎರಡೂ ಕಾಲು ಅಂದ್ರೆ ಎರಡೂನೂ ಕಾಲು ಅಂತನೂ ಆಗುತ್ತೆ. ಚೀಟಿ ಕೊಡದೆ ಕೂಗಿದ್ದು ನಾನು. ತೆಗೆಯೋದಾದ್ರೆ ನನ್ನ ತೆಗೀರಿ."

ಸೋಮಯ್ಯ ನಕ್ಕ. "ಅದಕ್ಕೇ ಹೇಳೋದು ಅಪ್ಪ, ಟೂ ಪಾಯಿಂಟ್ ಟೂ ಫೈವ್ ಅಂತ ಹೇಳಲಿ. ಈ ಕಾಲು, ಅರೆ, ಮುಕ್ಕಾಲು ಎಲ್ಲ ಹಳೇ ಕಾಲದ್ದು. ಮುಗೀತು."

"ಹೊಳೆಯಾಚೆಯಿಂದ ಕೂಗಿ ನೋಡಿ ಸಾರ್" ಎಂದೆ. "ಟೂ ಟೂ ಫೈವ್ ಅಂತ ಕೇಳುತ್ತೆ. ಪಾಯಿಂಟು ನೀರಲ್ಲಿ ಹೋಗುತ್ತೆ."

ಇದನ್ನು ನಿಜವಾಗಿಯೂ ಅಂದು ಅಂದೆನೋ, ಈ ವರ್ಷಗಳಲ್ಲಿ ಎಷ್ಟೋ ಸಲ ಮನಸ್ಸಿನೊಳಗೇ ಅಂದು ಅಂದು ಅದು ಅಂದಂತಾಗಿದೆಯೋ, ಆಣೆ ಮಾಡಿ ಹೇಳಲಾರೆ. ಸಾಹುಕಾರರ ಮುಂದಿನ ಪ್ರಶ್ನೆ ಮಾತ್ರ ನಿಜ:

"ಎಷ್ಟು ಬಳ್ಳಿಗೆ ನೀರ್ ಔಷಧಿ ಹೋಗಿದೆ?"

"ನೂರಿಪ್ಪತ್ತು."

"ಎಣಿಸಿದೆಯಾ?"

"ಲೆಕ್ಕ ಮಾಡಿದೆ."

"ಮಾಡಿ ತೋರಿಸು."

ಬರೆಯಲು ಏನೂ ಇರಲಿಲ್ಲ. ನನ್ನ ಕೊಡೆಯಿಂದ ಜಗಲಿಯ ಕೆಂಪು ನೆಲದ ಮೇಲೆ ನೀರು ಸುರಿದಿತ್ತು. ಕುಕ್ಕರುಗಾಲಿನಲ್ಲಿ ಕುಳಿತು ಬೆರಳು ಅದ್ದಿ ಬರೆದೆ. ಒಂದು ಬಳ್ಳಿಗೆ ಮೂರೂಮುಕ್ಕಾಲು ಲೀಟರ್. ಒಡೆದರೆ ಹದಿನೈದು ಕಾಲು, ಎಂದರೆ ಮೇಲೆ ಹದಿನೈದು, ಕೆಳಗೆ ನಾಲ್ಕು. ತೊಟ್ಟಿಯ ಇನ್ನೂರಿಪ್ಪತ್ತೈದನ್ನು ಅದರಿಂದ ಭಾಗಿಸಬೇಕು. ಭಾಗಿಸುವುದೆಂದರೆ ತಲೆಕೆಳಗು ಮಾಡಿ ಗುಣಿಸುವುದು: ಹದಿನೈದು ಕೆಳಕ್ಕೆ, ನಾಲ್ಕು ಮೇಲಕ್ಕೆ. ಇನ್ನೂರಿಪ್ಪತ್ತೈದರಲ್ಲಿ ಹದಿನೈದು ಹದಿನೈದು ಸಲ. ಹದಿನೈದು ನಾಲ್ಕಲಿ ಅರವತ್ತು. ಒಂದು ತೊಟ್ಟಿಗೆ ಅರವತ್ತು ಬಳ್ಳಿ, ಎರಡಕ್ಕೆ ನೂರಿಪ್ಪತ್ತು. ಹೊಳೆಗೆ ಹತ್ತಿರದ ಕೊನೆಯ ನೂರಿಪ್ಪತ್ತು.

ಸಾಹುಕಾರರು ಬಗ್ಗಿ ಓದಿದರು. ಮೊದಲ ಸಾಲು ಆಗಲೇ ಒಣಗತೊಡಗಿತ್ತು.

"ಇವತ್ತೇ ಪುನಃ ಹೊಡಿರಿ. ಮುರುಗನೇ ಬೆರೆಸಲಿ." ಬಾಗಿಲ ಕಡೆ ಹೋದವರು ತಿರುಗಿದರು. "ಲೆಕ್ಕ ಸರಿ ಉಂಟು ನಿಂದು. ಬಾಯಿ ಜಾಸ್ತಿಯಾಯ್ತು ಮಾರಾಯ್ತಿ. ಗೋಣಿಕೊಪ್ಪದವನಿಗೆ ಬರಲಿಕ್ಕೆ ಹೇಳ್ತೇನೆ."

ಅಲ್ಲಿಂದ ನೇರವಾಗಿ ತೊಟ್ಟಿಗೆ ಬಂದೆ. ನಾನು ಅತ್ತಿರಬೇಕು, ಆದರೆ ಮಳೆ ಮತ್ತೆ ಹನಿಯುತ್ತಿತ್ತು, ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮುರುಗಣ್ಣ ತಕ್ಕಡಿಯ ಮುಂದೆ ಕೈಕಟ್ಟಿ ನಿಂತಿದ್ದ. "ಬಾಯಲ್ಲಿ ಹೇಳ್ಬೇಡಮ್ಮ, ನಾನು ಹಾಕಲ್ಲ" ಎಂದ. ಚೀಟಿ ಈ ಮಳೆಯಲ್ಲಿ ನಿಲ್ಲುವುದಿಲ್ಲ. ಪಾಯಿಂಟನ್ನು ಬಾಯಿಗೆ ತರಲಾರೆನೆಂದು ನಾನು ಹಟ ಹಿಡಿದಿದ್ದೆ. ಆಗ ಅವನು ಹೆಬ್ಬೆರಳು ಮಡಚಿ ನಾಲ್ಕು ಬೆರಳಿನ ಅಂಗೈಯನ್ನು ಎತ್ತಿ ತೋರಿಸಿದ. "ಇದು ಒಂದು." ಇನ್ನೊಮ್ಮೆ ತೋರಿಸಿದ. "ಇದು ಇನ್ನೊಂದು." ಆಮೇಲೆ ಒಂದೇ ಬೆರಳು. "ಮೇಲೆ ಇದು. ಸರಿಯಾ?"

"ಸರಿ. ಅಂಗೈ ಅಂದ್ರೆ ಇಡಿ" ಎಂದೆ. ಹೊಳೆ ದಾಟಿ ಆಚೆ ದಡಕ್ಕೆ ಹೋಗಿ ನಿಂತೆ. ಗಂಟಲು ಹರಿಯುವಂತೆ ಕೂಗಿದೆ:

"ತುತ್ತ ಎರಡು ಇಡಿ, ಮೇಲೆ ಕಾಲು!"

"ಎರಡು ಇಡಿ, ಮೇಲೆ ಕಾಲು!" ಅವನು ತಿರುಗಿ ಕೂಗಿದ.

"ಸುಣ್ಣ ಎರಡು ಇಡಿ, ಮೇಲೆ ಕಾಲು!"

ಮೇಲಿನ ಬ್ಲಾಕಿನಲ್ಲಿದ್ದವರೂ ಗೇಲಿ ಮಾಡುತ್ತ ಅದನ್ನೇ ಕೂಗಿದರು. ಸಂಜೆಗೆ ಲೈನಿನ ಮಕ್ಕಳ ಬಾಯಲ್ಲೂ ಅದೇ. ಕುಡಿಯಲು ಚಹಾ ಕೇಳಿದರೆ ಚಿಕ್ಕಮ್ಮ ಜ್ವರದಲ್ಲೇ, "ಎಷ್ಟು ಇಡಿ, ಮೇಲೆ ಎಷ್ಟು ಅಂತ ಹೇಳವ್ವ" ಎಂದಳು.

ಆ ನೂರಿಪ್ಪತ್ತರಲ್ಲಿ ಹದಿನೈದು ಬಳ್ಳಿ ಹೋದವು. ಎಂಟರಲ್ಲಿ ಒಂದು ಪಾಲು, ನಮ್ಮ ಮಾತಿನಲ್ಲಿ ಅರೆಕಾಲು. ಆ ಅರೆಕಾಲು ನನ್ನದು, ಯಾರ ಮೇಲೂ ಹಾಕುವುದಿಲ್ಲ. ಸರಿಯಾಗಿ ಹೊಡೆದ ಬ್ಲಾಕಿನಲ್ಲೂ ಬಳ್ಳಿಗಳು ಹೋದವು. ಅವನ್ನು ಯಾರೂ ಎಣಿಸಲಿಲ್ಲ. ಗೋಣಿಕೊಪ್ಪದವನು ಬಂದ ದಿನ ಪುಸ್ತಕವನ್ನು ಅವನ ಕೈಗಿತ್ತು ಊರಿಗೆ ಹೋದೆ. ಅಪ್ಪ ನೋಡಿಟ್ಟಿದ್ದ ಗಂಡಿಗೆ ಬೇಡವೆಂದೆ. ಒಂದು ಸಲ ಬಾಯಿ ಜಾಸ್ತಿಯಾದ ಮೇಲೆ ಮತ್ತೆ ಕಮ್ಮಿಯಾಗಲಿಲ್ಲ.

ಮುರುಗಣ್ಣ ತೀರಿಕೊಂಡು ಎಷ್ಟೋ ಕಾಲವಾಯಿತೆಂದು ಚಿಕ್ಕಮ್ಮ ಹೇಳಿದ್ದಳು. ಕುಶಾಲಪ್ಪನವರೂ ಈಗಿಲ್ಲ. ಆಗಿನ ಸಾಹುಕಾರರ ತಂದೆಯನ್ನಂತೂ, ಎಂದರೆ ಸೋಮಯ್ಯನ ಅಜ್ಜನನ್ನು, ನಾನು ಕಂಡದ್ದು ಗೋಡೆಯ ಮೇಲಿನ ಹಾರ ಹಾಕಿದ ಫೋಟೊದಲ್ಲಿ ಮಾತ್ರ. ನಾನು ಬರುವ ಮೊದಲೇ ಅವರು ಹೋಗಿದ್ದರು. ಈಗ ಮೊಮ್ಮಗನ ಮಾತಿನಲ್ಲಿ ಅವರೇ ಈ ತೊಟ್ಟಿಯ ಬಳಿ ದಿನಾ ಬೆಳಿಗ್ಗೆ ಎದ್ದು ನಿಂತು, ಬಂದವರಿಗೆಲ್ಲ ಕನ್ನಡದ ಅಂಕಿ ಕಲಿಸುತ್ತಿದ್ದಾರೆ. ಸೋಮಯ್ಯ ಬೇಕೆಂದೇ ಸುಳ್ಳು ಹೇಳುತ್ತಿದ್ದಾನೆಂದು ನನಗನ್ನಿಸಲಿಲ್ಲ. ಅವನ ನೆನಪು ತನಗೆ ಬೇಕಾದಂತೆ ಇಡಿ ಕಟ್ಟಿಕೊಂಡಿದೆ. ಹೊಂದದ ಚೂರುಗಳನ್ನು ಹೊಳೆಗೆ ಬಿಟ್ಟಿದೆ. ನನ್ನದೂ ಅದನ್ನೇ ಮಾಡಿರಬಹುದು. ಅದಕ್ಕೆಂದು ಬಾಯಿ ಮುಚ್ಚಿಕೊಂಡು ಬರಬೇಕೆ?

"ಸಾರ್" ಎಂದೆ. ನಮ್ಮ ಕಚೇರಿಯವರೆಲ್ಲ ನನ್ನ ಕಡೆ ತಿರುಗಿದರು. "ಅದು ನಿಮ್ಮಜ್ಜ ಮಾಡಿದ್ದಲ್ಲ."

ಸೋಮಯ್ಯ ನನ್ನನ್ನು ದಿಟ್ಟಿಸಿ ನೋಡಿದರು. ಗುರುತು ಸಿಗಲಿಲ್ಲ.

"ಮತ್ತೆ ಯಾರದ್ದು ಮೇಡಂ?" ನಗುನಗುತ್ತಲೇ ಕೇಳಿದರು.

"ಅರ್ಧ ಮುರುಗಣ್ಣಂದು. ಬೆರಳು ಅವ್ರದ್ದು. ಕಾಲು ರೈಟರ್ ಕುಶಾಲಪ್ಪನವ್ರದ್ದು, ಇಡಿ ಅನ್ನೋ ಮಾತು ಅವ್ರದ್ದು. ಇನ್ನೊಂದು ಕಾಲು ನಂದು, ಕೂಗಿದ್ದು ನಾನು. ಕೂಡಿದ್ರೆ ಒಂದು ಇಡಿ. ನಿಮ್ಮಜ್ಜಂಗೆ ಏನೂ ಉಳಿಯಲ್ಲ."

ಅಸ್ಸಾಮಿನ ಹುಡುಗ ತೂಗುವುದನ್ನು ನಿಲ್ಲಿಸಿ ನೋಡುತ್ತಿದ್ದ. ಸುಣ್ಣದ ಹಬೆ ನಮ್ಮ ನಡುವೆ ಏಳುತ್ತಿತ್ತು. ನಾನು ಕೊಡೆಯನ್ನು ಮಡಚಿ ತೊಟ್ಟಿಯ ಕಟ್ಟೆಗೆ ಒರಗಿಸಿದೆ. ಅದರ ತುದಿಯಿಂದ ನೀರು ಸಿಮೆಂಟಿನ ಮೇಲೆ ಹರಡಿತು.

"ಬೇಕಿದ್ರೆ ಹಂತ ಹಂತವಾಗಿ ಮಾಡಿ ತೋರಿಸ್ತೀನಿ" ಎಂದು ಬೆರಳು ಅದ್ದಿದೆ.